ಹಿಂದಿನ ರಟ್ಟಿನೊಳಗಿನ ಹಾಡು

ಕೊಪ್ಪಳ ಜಿಲ್ಲೆಯಾದದ್ದು ೧೯೯೭ರಲ್ಲಿ. ಜಿಲ್ಲೆಯಾದ ಮೇಲೆ ಕಚೇರಿಗಳು ಬಂದವು, ಕಚೇರಿಗಳೊಂದಿಗೆ ಕಡತಗಳು ಬಂದವು, ಕಡತಗಳಿಗೆ ರಟ್ಟು ಕಟ್ಟಲು ಕೈಗಳು ಬೇಕಾದವು. ಹಾಗೆ ಕಾಸೀಮಸಾಬರ ಬೈಂಡಿಂಗ್ ಅಂಗಡಿಗೆ ಬಂದವಳು ಯಮನೂರಮ್ಮ. ಆಗ ಅವಳಿಗೆ ಇಪ್ಪತ್ತಾರು ವರ್ಷ. ಯಲಬುರ್ಗಾ ಕಡೆಯ ಒಕ್ಕಲು ಮನೆಯವಳು. ಏಳನೇ ಇಯತ್ತೆ ಮುಗಿಸಿ ಹೊಲದಲ್ಲಿ ಕಳೆ ತೆಗೆಯುತ್ತಿದ್ದವಳು. ಗಂಡ ಮಾರುಕಟ್ಟೆಯಲ್ಲಿ ಹಮಾಲಿ ಹಿಡಿದಾಗ ಅವನ ಜೊತೆ ಕೊಪ್ಪಳಕ್ಕೆ ಬಂದಿದ್ದಳು.

"ಏನ್ ಬರ್ತೈತಿ ನಿನಗ?" ಎಂದು ಕಾಸೀಮಸಾಬರು ಕೇಳಿದ್ದರು.

"ರೊಟ್ಟಿ ಬಡಿಯೋದು ಬರ್ತೈತ್ರಿ. ತೆಳ್ಳಗ, ಅಂಚು ಒಡೀದಂಗ."

"ಹಂಗಾದ್ರ ಕಾಗದಾನೂ ಬರ್ತೈತಿ, ಬಾ ಒಳಗ."

ಮೊದಲು ಹಾಳೆ ಮಡಚುವುದು, ಆಮೇಲೆ ಹೊಲಿಗೆ. ಅಂಟು ಕಾಸುವುದನ್ನು ಕಲಿಸಿದ್ದು ಎಲ್ಲಕ್ಕಿಂತ ಕೊನೆಗೆ. ಕಾಸೀಮಸಾಬರು ಪೇಟೆಯ ಗೋಂದನ್ನು ಮುಟ್ಟುತ್ತಿರಲಿಲ್ಲ. ಹುಣಸೆಬೀಜ ಹುರಿದು, ಸಿಪ್ಪೆ ತೆಗೆದು, ನೆನೆಹಾಕಿ, ರುಬ್ಬಿ, ಸಣ್ಣ ಉರಿಯ ಮೇಲೆ ತಿರುವಬೇಕು. ಬೆರಳಿನಿಂದ ಎತ್ತಿದರೆ ದಾರದಂತೆ ಇಳಿಯಬೇಕು.

"ಕಟ್ಟೋದು ಯಾರಿಗಾದ್ರೂ ಬರ್ತೈತಿ," ಎನ್ನುತ್ತಿದ್ದರು. "ಇನ್ನೊಬ್ಬ ಬಿಚ್ಚೋ ಹಂಗ ಕಟ್ಟಬೇಕು. ಅದು ನೋಡು ಕಸಬು."

ಅಂಗಡಿಯ ಗೋಡೆಯ ಮೊಳೆಗೆ ಒಂದು ಬಿಳಿ ಚೀಲ ತೂಗುತ್ತಿತ್ತು. ಹರಿದ ಕುರಾನಿನ ಹಾಳೆ, ಪುರಾಣದ ತುಂಡು, ಹಳೆಯ ಪಂಚಾಂಗ, ದೇವರ ಚಿತ್ರ: ದೇವರ ಹೆಸರು ಇದ್ದೀತು ಎನ್ನಿಸಿದ ಯಾವ ಕಾಗದವೂ ಕಸದ ಬುಟ್ಟಿಗೆ ಹೋಗುತ್ತಿರಲಿಲ್ಲ. ಆ ಚೀಲ ತುಂಬಿದಾಗ ಗಂಗಾವತಿ ಬಸ್ಸು ಹಿಡಿದು, ಆನೆಗೊಂದಿಗೆ ಹೋಗಿ, ಹೊಳೆಗೆ ಬಿಟ್ಟು ಬರುವುದು ಆ ಅಂಗಡಿಯ ರೂಢಿ.

೧೯೯೯ರ ಬೇಸಿಗೆಯಲ್ಲಿ ತಾವರಗೇರಾದ ಮುದುಕಮ್ಮನವರ ಮನೆಯಿಂದ ಒಂದು ದಪ್ಪ ಪುಸ್ತಕ ಬಂತು. ಕೈಬರಹದ ಕನ್ನಡ ಪುರಾಣ. ಮುದುಕಮ್ಮನ ಗಂಡನ ಮುತ್ತಜ್ಜ ಹತ್ತಿ ಬಂಡಿ ಕಟ್ಟಿಕೊಂಡು ಕುಮಟಾ ಬಂದರಿಗೆ ಹೋಗುತ್ತಿದ್ದವನು, ಅಲ್ಲಿಯೇ ಅದಕ್ಕೆ ರಟ್ಟು ಕಟ್ಟಿಸಿ ತಂದಿದ್ದನಂತೆ. ಶ್ರಾವಣದ ತಿಂಗಳಿಡೀ ಆ ಮನೆಯಲ್ಲಿ ಅದನ್ನೇ ಓದುತ್ತಾರೆ. ಮುಂದಿನ ರಟ್ಟನ್ನು ಇಲಿ ಕಡಿದಿತ್ತು. ಹಿಂದಿನದು ಗಟ್ಟಿಯಾಗಿತ್ತು, ಅದನ್ನು ಮುಟ್ಟಬೇಡಿರೆಂದು ಹೇಳಿ ಕಳಿಸಿದ್ದರು.

ಕಾಸೀಮಸಾಬರು ಉರುಸಿಗೆಂದು ಕಲಬುರ್ಗಿಗೆ ಹೋಗಿದ್ದರು. ಯಮನೂರಮ್ಮ ಒಬ್ಬಳೇ ಇದ್ದಳು. ಹಾಳಾದ ರಟ್ಟನ್ನು ಬಿಡಿಸಿ, ಮರುಬಳಕೆಗೆ ಬರಲೆಂದು, ಎಂದಿನಂತೆ ನೀರಿನ ತೊಟ್ಟಿಯಲ್ಲಿ ಮುಳುಗಿಸಿದಳು. ಹಿಂದಿನ ಕಾಲದ ರಟ್ಟೆಂದರೆ ರದ್ದಿ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ ಮಾಡಿದ ಹಲಗೆ. ಸ್ವಲ್ಪ ಹೊತ್ತಿನಲ್ಲಿ ಪದರಗಳು ಸಡಿಲಾದವು. ಬಗ್ಗಿ ನೋಡಿದಾಗ ತೊಟ್ಟಿಯ ನೀರು ಕಪ್ಪಾಗಿತ್ತು. ಹಾಳೆಗಳ ಮೇಲೆ ಬಲದಿಂದ ಎಡಕ್ಕೆ ಸಾಗಿದ ಸಾಲುಗಳು ಕಣ್ಣೆದುರಿಗೇ ಕರಗುತ್ತಿದ್ದವು.

ಕುರಾನನ್ನೇ ನೀರಿಗೆ ಹಾಕಿದೆನೆಂದು ಅವಳು ಗಾಬರಿಯಾದಳು. ಕೈಗೆ ಸಿಕ್ಕ ಐದು ಹಾಳೆಗಳನ್ನು ಎತ್ತಿ ಚೀಲಕ್ಕೆ ಹಾಕಿಕೊಂಡು ಮರುದಿನ ಬೆಳಿಗ್ಗೆಯ ಮೊದಲ ಬಸ್ಸಿಗೇ ಆನೆಗೊಂದಿಗೆ ಹೋದಳು. ಕೈಮುಗಿದು ತುಂಗಭದ್ರೆಗೆ ಬಿಟ್ಟಳು.

ತೊಟ್ಟಿಯ ಒಳಗೋಡೆಗೆ, ನೀರಿನಿಂದ ಮೇಲೆ, ಅಂಟಿಕೊಂಡಿದ್ದ ಆರನೆಯ ಹಾಳೆ ಕಲಬುರ್ಗಿಯಿಂದ ಮರಳಿದ ಕಾಸೀಮಸಾಬರ ಕಣ್ಣಿಗೆ ಬಿತ್ತು. ಒಣಗಿಸಿ ನೋಡಿದರು. ಅರಬ್ಬಿ ಅಲ್ಲ, ಫಾರಸಿ ಅಲ್ಲ, ಉರ್ದು ಅಲ್ಲ. ಮಸೀದಿಯ ಮೌಲವಿಗಳಿಗೂ ತಿಳಿಯಲಿಲ್ಲ.

"ಯಾವನ ಕೈಯೋ ಏನೋ, ಭಾಳ ಛಲೋ ಕೈ," ಎಂದು ಅದನ್ನು ಮೇಜಿನ ಗಾಜಿನ ಕೆಳಗಿಟ್ಟರು. ಆಮೇಲೆ ಯಮನೂರಮ್ಮನನ್ನು ಕರೆದು ಹಾಳೆಯ ತುದಿ ತೋರಿಸಿದರು. ಕೊನೆಯ ಸಾಲಿನ ಕೆಳಗೆ, ಮೂಲೆಯಲ್ಲಿ, ಒಂದೇ ಒಂದು ಶಬ್ದ ಬೇರೆಯಾಗಿ ನಿಂತಿತ್ತು. "ಇದಕ್ಕ ರಿಕಾಬು ಅಂತಾರ. ಕುದುರಿ ಹತ್ತಾಕ ಕಾಲಿಡೋ ಬಳಿ ಇರ್ತೈತಲ್ಲ, ಅದು. ಮುಂದಿನ ಹಾಳಿ ಇದ ಮಾತಿನಿಂದ ಸುರು ಆಗತೈತಿ. ಓದಾಕ ಬರದ ಬೈಂಡರನೂ ಇದನ್ನ ನೋಡಿ ಹಾಳಿ ಜೋಡಿಸ್ತಾನ."

"ಮುಂದಿನ ಹಾಳಿ ನಾನ ಹೊಳಿಗಿ ಬಿಟ್ನೇನೋ ಕಾಕಾ."

"ಬಿಟ್ಟಿದ್ದು ಬಿಟ್ಟಿ. ಇನ್ನ ಗಾಜು ಒರಸು."

ಅವಳು ಒರೆಸಿದಳು. ದಿನಾ ಬೆಳಿಗ್ಗೆ, ಒಂಬತ್ತು ವರ್ಷ. ಆ ಮೂಲೆಯ ಶಬ್ದದಲ್ಲಿ ನಾಲ್ಕು ಅಕ್ಷರ. ಮೊದಲನೆಯದು ಬಾಗಿಲಿನ ಚೌಕಟ್ಟಿನಂತೆ, ಕೊನೆಯದು ಸಾಲಿನ ಕೆಳಗೆ ಉದ್ದಕ್ಕೆ ಇಳಿಬಿದ್ದ ಬಾಲದಂತೆ. ಅರ್ಥ ಗೊತ್ತಿರಲಿಲ್ಲ. ಆದರೆ ತನ್ನ ಮಕ್ಕಳ ಕೈಬರಹ ಗುರುತಿಸುವಷ್ಟೇ ಸಲೀಸಾಗಿ ಅದನ್ನು ಗುರುತಿಸಬಲ್ಲವಳಾದಳು. ಅಷ್ಟರಲ್ಲಿ ಕಾಸೀಮಸಾಬರ ಕೈ ನಡುಗತೊಡಗಿತ್ತು. ಅಂಗಡಿಯ ಸೂಜಿ, ಉಳಿ, ಅಂಟಿನ ಪಾತ್ರೆ ಎಲ್ಲವೂ ಅವಳ ವಶಕ್ಕೆ ಬಂದಿದ್ದವು.

೨೦೦೮ರಲ್ಲಿ ಕಾಲೇಜಿನ ಇತಿಹಾಸದ ಅಧ್ಯಾಪಕಿ ಶಿವಲೀಲಾ ತಮ್ಮ ಪ್ರಬಂಧಕ್ಕೆ ರಟ್ಟು ಕಟ್ಟಿಸಲು ಬಂದರು. ಇಟಗಿಯ ದೇವಾಲಯದ ಶಾಸನಗಳ ಮೇಲೆ ನಾನೂರು ಪುಟ ಬರೆದಿದ್ದ ಹೆಣ್ಣುಮಗಳು. ಪ್ರಬಂಧವನ್ನು ಮೇಜಿನ ಮೇಲಿಡಲು ಹೋದವರು ಹಾಗೆಯೇ ಕೈಯಲ್ಲಿ ಹಿಡಿದು ನಿಂತರು.

"ಇದು ಎಲ್ಲಿಂದ ಬಂತ್ರಿ?"

"ರಟ್ಟಿನ್ಯಾಗಿಂದ. ನೀವು ಓದತೀರೇನ್ರಿ ಮೇಡಮ್ಮಾರ?"

"ಓದಾಕ ಬರಂಗಿಲ್ಲ. ಆದ್ರ ಇದು ಹೀಬ್ರೂ ಅನ್ನಿಸ್ತೈತಿ. ಯೆಹೂದಿಗಳ ಭಾಷಾ."

ಶಿವಲೀಲಾ ಹಾಳೆಯ ಫೋಟೋ ತೆಗೆದು ತಮ್ಮ ಗುರುಗಳಿಗೆ ಕಳಿಸಿದರು. ಅವರು ಹೊರದೇಶದ ಒಬ್ಬ ಪಂಡಿತರಿಗೆ ಕಳಿಸಿದರು. ತಿಂಗಳೊಳಗೆ ಉತ್ತರ ಬಂತು. ಹಾಳೆ ಸುಮಾರು ಮುನ್ನೂರು ವರ್ಷ ಹಿಂದಿನದು. ಪಡುವಣ ಕರಾವಳಿಯಲ್ಲಿ ನೆಲೆಸಿದ್ದ ಯೆಹೂದಿಗಳ ಹಬ್ಬದ ಹಾಡಿನ ಪುಸ್ತಕದ್ದು. ಮಳೆಯನ್ನು ಬೇಡುವ ಹಾಡು. ಹೀಗೊಂದು ಹಾಡು ಬೇರೆಲ್ಲೂ ತಮ್ಮ ಕಣ್ಣಿಗೆ ಬಿದ್ದಿಲ್ಲ. ಆದರೆ ಅದು ಅರ್ಧಕ್ಕೆ ನಿಂತಿದೆ. ಮುಂದಿನ ಹಾಳೆ ಎಲ್ಲಿದೆ?

ಶಿವಲೀಲಾ ಇನ್ನೂ ಒಂದು ಮಾತು ಹೇಳಿದರು. ದೇವರ ಹೆಸರಿರುವ ಹಾಳೆಯನ್ನು ಯೆಹೂದಿಗಳೂ ಎಸೆಯುವುದಿಲ್ಲ. ತಮ್ಮ ಪ್ರಾರ್ಥನಾಮಂದಿರದ ಒಂದು ಕೋಣೆಯಲ್ಲಿ ಕೂಡಿಟ್ಟು ಕೊನೆಗೆ ಮಣ್ಣು ಮಾಡುತ್ತಾರೆ.

"ಕೇಳಿದ್ಯಾ ಯಮನೂರಿ?" ಎಂದರು ಮೂಲೆಯಲ್ಲಿ ಕುಳಿತಿದ್ದ ಕಾಸೀಮಸಾಬರು. "ಅವರು ಮಣ್ಣಿಗಿ, ನಾವು ನೀರಿಗಿ. ನೀ ಮಾಡಿದ್ದೇನು ತಪ್ಪಲ್ಲ ಬಿಡು."

"ನೋಡದಂಗ ಬಿಟ್ಟಿದ್ದು ತಪ್ಪ ಕಾಕಾ," ಎಂದಳು ಯಮನೂರಮ್ಮ. "ತಾವರಗೇರಾ ಪುರಾಣದ ಹಿಂದಿನ ರಟ್ಟು ಇನ್ನೂ ಹಂಗ ಐತಿ."

ಆಷಾಢ ಮುಗಿಯುತ್ತ ಬಂದಾಗ ತಾವರಗೇರಾದ ಮುದುಕಮ್ಮನವರ ಪಡಸಾಲೆಯಲ್ಲಿ ಎಲ್ಲರೂ ಕೂಡಿದರು. ಶಿವಲೀಲಾ ಕರೆಸಿದ್ದ ಹಸ್ತಪ್ರತಿಗಳ ಒಬ್ಬ ತಜ್ಞರು ನಗರದಿಂದ ಬಂದಿದ್ದರು, ತಿಳಿದವರು, ಸೌಜನ್ಯವಂತರು. ಪುಸ್ತಕವನ್ನು ತಿರುಗಿಸಿ ನೋಡಿ, ಇದನ್ನು ತಮ್ಮ ಪ್ರಯೋಗಾಲಯಕ್ಕೆ ಒಯ್ಯಬೇಕಾಗುತ್ತದೆ, ಮೂರು ತಿಂಗಳು ಹಿಡಿಯಬಹುದು ಎಂದರು.

ಮುದುಕಮ್ಮನಿಗೆ ಎಂಬತ್ತು ದಾಟಿತ್ತು, ಧ್ವನಿಗೆ ದಾಟಿರಲಿಲ್ಲ. "ಶ್ರಾವಣಕ್ಕ ಎಂಟ ದಿನ ಉಳದಾವ. ನಮ್ಮ ಮಾವ ತೀರಿದ ವರ್ಷಾನೂ ಪುರಾಣ ತಪ್ಪಿಲ್ಲ ಈ ಮನ್ಯಾಗ. ಈಗ ಪುಸ್ತಕ ಮನಿ ಹೊಸ್ತಲಾ ದಾಟಂಗಿಲ್ಲ."

"ಹಂಗಾದ್ರ ಇಲ್ಲೇ ಬಿಚ್ಚತೀನ್ರಿ," ಎಂದಳು ಯಮನೂರಮ್ಮ. "ನಾಕ ದಿನ ಕೊಡ್ರಿ."

ತಜ್ಞರು ಅವಳತ್ತ ತಿರುಗಿದರು. "ಒಳಗೆ ಯಾವ ಅಂಟಿದೆ ಅಂತ ಪರೀಕ್ಷೆ ಮಾಡದೆ ಬಿಚ್ಚೋಕಾಗಲ್ಲಮ್ಮ."

ಯಮನೂರಮ್ಮ ಬೆರಳು ಒದ್ದೆ ಮಾಡಿ ರಟ್ಟಿನ ಸವೆದ ಮೂಲೆಗೆ ಒತ್ತಿದಳು. ಸ್ವಲ್ಪ ಹೊತ್ತು ಬಿಟ್ಟು ಆ ಬೆರಳನ್ನು ನಾಲಿಗೆಗೆ ತಾಗಿಸಿದಳು.

"ಯವ್ವಾ, ಪುಸ್ತಕ ನೆಕ್ಕತಾಳಲೇ!" ಎಂದಳು ಮುದುಕಮ್ಮ.

"ಹುಣಸಿ ಬೀಜ," ಎಂದಳು ಯಮನೂರಮ್ಮ. "ಹುಳ ಹತ್ತದಂಗ ಮೈಲುತುತ್ತ ಹಾಕಿಲ್ಲ. ಹಾಕಿದ್ರ ನಾಲಿಗಿ ಕಚ್ಚತಿತ್ತು."

"ಊಹೆ ಮೇಲೆ ಇಂಥ ಹಾಳೆ ಒಪ್ಪಿಸೋಕೆ ಹೇಗಮ್ಮ ಆಗುತ್ತೆ? ಹಾಳಾದ್ರೆ?"

ಅವಳು ಎದ್ದು ನಿಂತಳು. ಶಿವಲೀಲಾಗೂ ಅವಳು ಆವರೆಗೆ ಪೂರ್ತಿ ಹೇಳಿರಲಿಲ್ಲ.

"ಒಮ್ಮಿ ಹಾಳು ಮಾಡೀನ್ರಿ. ಇದರ ಮುಂದಿನ ರಟ್ಟು ನಾನ ನೀರಾಗ ಮುಳುಗಿಸೀನಿ. ಐದು ಹಾಳಿ ಕರಗಿದ್ದು ಈ ಕಣ್ಣಿಲೆ ನೋಡೀನಿ, ಈ ಕೈಲೆ ಹೊಳಿಗಿ ಬಿಟ್ಟೀನಿ. ಈ ಮಸಿ ನೀರಾಗ ಎಷ್ಟೊತ್ತಿಗಿ ಬಿಡತೈತಿ, ಅಂಟು ಎಷ್ಟೊತ್ತಿಗಿ ಬಿಡತೈತಿ, ಎರಡೂ ನನಗ ಗೊತ್ತೈತಿ. ಮಸಿ ಮೊದಲ ಹೋಗತೈತಿ. ಅದಕ್ಕ, ಇದಕ್ಕ ನೀರು ತೋರಿಸಬಾರದು, ಬರೀ ತಂಪು ತೋರಿಸಬೇಕು. ಇದು ನಿಮ್ಮ ಪರೀಕ್ಷಾದಾಗ ಗೊತ್ತಾಗತೈತೇನ್ರಿ ಸರ?"

ತಜ್ಞರು ಕನ್ನಡಕ ತೆಗೆದು ಒರೆಸಿಕೊಂಡರು. "ತಂಪು ಹೇಗೆ ಕೊಡ್ತೀರಿ?" ಎಂದರು. ಕೇಳುವ ದನಿ ಬೇರೆಯಾಗಿತ್ತು.

"ಬಾಳಿ ದಿಂಡಿನ ಪಟ್ಟಿಲೆ."

"ಬಾಳಿ ಕರಿ ಹತ್ತಿದ್ರ ಜನ್ಮಕ್ಕ ಹೋಗಂಗಿಲ್ಲಬೇ ಹುಚ್ಚಿ!" ಎಂದಳು ಮುದುಕಮ್ಮ.

"ಗೊತ್ತೈತ್ರಿ ಅಮ್ಮಾರ. ಹೊರಗಿನ ಪಟ್ಟಿ ಒಲ್ಲೆ, ಒಳಗಿನ ಬಿಳಿದು ಅಷ್ಟ ತಗೋತೀನಿ. ಮೂರು ಸಲ ತೊಳದು, ನೆರಳಾಗ ಆರಿಸಿ, ನಡುವ ಎರಡು ಪದರ ಹಳೆ ಧೋತರ ಹಾಕತೀನಿ."

ಮುದುಕಮ್ಮ ಸ್ವಲ್ಪ ಯೋಚಿಸಿದಳು. "ಧೋತರ ನಮ್ಮ ಮನಿಯವರದ ಐತಿ. ಮೆತ್ತಗಾಗೇತಿ. ತಗೋ."

ಯಮನೂರಮ್ಮ ಆನೆಗೊಂದಿಗೆ ಹೋಗಿ ಬಾಳೆತೋಟದಿಂದ ಎರಡು ದಿಂಡು ಹೊತ್ತು ತಂದಳು. ಹೊಳೆಯ ಕಡೆ ನೋಡಲಿಲ್ಲ, ಬಸ್ಸಿಗೆ ಹೊತ್ತಾಗಿತ್ತು. ಮುದುಕಮ್ಮನ ಪಡಸಾಲೆಯಲ್ಲಿ ಪುಸ್ತಕದಿಂದ ರಟ್ಟನ್ನು ಬೇರ್ಪಡಿಸಿ, ಮೇಲೆ ಕೆಳಗೆ ಧೋತರ, ಅದರಾಚೆ ದಿಂಡಿನ ಪಟ್ಟೆ ಇಟ್ಟು, ಬೀಸುವ ಕಲ್ಲಿನ ಒಂದು ಹೋಳನ್ನು ಹೇರಿದಳು. ದಿನಕ್ಕೆರಡು ಸಲ ಪಟ್ಟೆ ಬದಲಿಸಿದಳು.

ಮೊದಲ ದಿನ ಏನೂ ಆಗಲಿಲ್ಲ. ಎರಡನೆಯ ದಿನವೂ ರಟ್ಟು ಹಲಗೆಯಂತೆಯೇ ಇತ್ತು. ಮೂರನೆಯ ದಿನ ಒಂದು ಮೂಲೆ ಉಗುರಿನಷ್ಟು ಎದ್ದಿತು.

"ಎತ್ತಿಬಿಡ್ರಿ," ಎಂದರು ಶಿವಲೀಲಾ, ತಡೆಯಲಾರದೆ.

"ತಾನ ಬಿಡಬೇಕ್ರಿ. ನಾವು ಎತ್ತಿದ್ರ ಅರ್ಧ ಬರ್ತೈತಿ." ಮತ್ತೆ ಕಲ್ಲು ಹೇರಿದಳು.

ನಾಲ್ಕನೆಯ ಬೆಳಿಗ್ಗೆ, ಕಿಟಕಿಯ ಬೆಳಕಿನಲ್ಲಿ, ತೆಳ್ಳಗೆ ಸೀಳಿದ ಬಿದಿರಿನ ಕಡ್ಡಿ ಹಿಡಿದು ಕುಳಿತಳು. ತಜ್ಞರು ಅವಳ ಎಡಗಡೆ ಮಂಡಿಯೂರಿ, ಬಂದ ಹಾಳೆಯನ್ನು ಇಡಲು ಬಿಳಿ ಕಾಗದ ಹಿಡಿದಿದ್ದರು. ಮೊದಲ ಪದರ ಬರೀ ಹಾಳೆ. ಎರಡನೆಯದು ಮರಾಠಿಯ ಮೋಡಿ ಲಿಪಿಯ ಪತ್ರ. ಮೂರನೆಯದನ್ನು ಹುಳು ತಿಂದಿತ್ತು, ಕಡ್ಡಿ ತಾಗಿದ್ದೇ ಅರ್ಧ ಪುಡಿಯಾಯಿತು. ಯಮನೂರಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡು, ನಾಲ್ಕನೆಯದಕ್ಕೆ ಕಡ್ಡಿ ಹಾಕಿದಳು. ಹೆಂಚಿನಿಂದ ರೊಟ್ಟಿ ಏಳುವಂತೆ ಅದು ಸದ್ದಿಲ್ಲದೆ ಎದ್ದಿತು.

ಬಲದಿಂದ ಎಡಕ್ಕೆ ಸಾಲುಗಳು. ಮಸಿ ನಿನ್ನೆ ಬರೆದಂತಿತ್ತು.

ಶಿವಲೀಲಾ ಗಾಜಿನ ಕೆಳಗಿನ ಹಾಳೆಯ ಫೋಟೋ ಹುಡುಕಲು ಚೀಲಕ್ಕೆ ಕೈ ಹಾಕಿದರು. ಯಮನೂರಮ್ಮನಿಗೆ ಅದು ಬೇಕಾಗಲಿಲ್ಲ. ಹಾಳೆಯ ಬಲತುದಿಯಲ್ಲಿ, ಮೊದಲ ಸಾಲಿನ ಮೊದಲ ಶಬ್ದ: ಬಾಗಿಲಿನ ಚೌಕಟ್ಟು, ನಡುವೆ ಎರಡು ಅಕ್ಷರ, ಕೊನೆಗೆ ಇಳಿಬಿದ್ದ ಉದ್ದ ಬಾಲ.

"ರಿಕಾಬು," ಎಂದಳು. "ಇದ ಅದ. ಮುಂದಿನ ಹಾಳಿ."

ತಜ್ಞರು ಫೋಟೋ ಪಕ್ಕಕ್ಕಿಟ್ಟು ಎರಡು ಸಲ ನೋಡಿದರು. ಆಮೇಲೆ ಯಮನೂರಮ್ಮನತ್ತ ನೋಡಿ, "ಹೌದ್ರಿ ತಾಯಿ," ಎಂದರು.

ಆ ರಟ್ಟಿನಲ್ಲಿ ಅದೇ ಕೈಯ ಮೂರು ಹಾಳೆಗಳಿದ್ದವು. ಅವುಗಳನ್ನು ನಗರಕ್ಕೆ ಒಯ್ದು ಕಾಪಿಡಲು ಮುದುಕಮ್ಮ ಒಪ್ಪಿದಳು. ಪುರಾಣ ಮಾತ್ರ ಮನೆಯಲ್ಲೇ ಉಳಿಯಿತು. ಶ್ರಾವಣದ ಹಿಂದಿನ ದಿನ ಯಮನೂರಮ್ಮ ಅಂಗಡಿಯಲ್ಲಿ ಮಾಡಿದ ಹೊಸ ಹಿಂದಿನ ರಟ್ಟನ್ನು ತಾವರಗೇರಾಕ್ಕೆ ತಂದು, ಅಲ್ಲೇ ಅದಕ್ಕೆ ಕಟ್ಟಿ, ಪುಸ್ತಕವನ್ನು ಮುದುಕಮ್ಮನ ಮಡಿಲಲ್ಲಿಟ್ಟಳು. ಆ ಹೊತ್ತಿಗೆ ಶಿವಲೀಲಾ ಫೋನ್ ಮಾಡಿದ್ದರು: ಪಂಡಿತರು ಫೋಟೋ ನೋಡಿದ್ದಾರೆ, ಮಳೆಯ ಹಾಡು ರಿಕಾಬಿಗೆ ಕೂಡಿದ ಆ ಹಾಳೆಯಲ್ಲಿ ಮುಗಿಯುತ್ತದೆ. ಹೊಳೆಗೆ ಹೋದ ಐದರಲ್ಲಿ ಏನಿತ್ತೆಂದು ಹೇಳಬಲ್ಲವರು ಯಾರೂ ಇಲ್ಲ.

ಅಂಗಡಿಯ ಬಿಳಿ ಚೀಲ ಈಗಲೂ ಮೊಳೆಗೆ ತೂಗುತ್ತದೆ. ಆದರೆ ಪ್ರತಿ ಹಾಳೆಯನ್ನೂ ಬೆಳಕಿಗೆ ಹಿಡಿದು ನೋಡದೆ ಯಮನೂರಮ್ಮ ಅದರೊಳಗೆ ಹಾಕುವುದಿಲ್ಲ.

ಪುಸ್ತಕ ಮಡಿಲಿಗೆ ಬಂದ ದಿನ ಮುದುಕಮ್ಮ ಹೊಸ ರಟ್ಟನ್ನು ಬೆರಳ ಗೆಣ್ಣಿನಿಂದ ಬಡಿದು ನೋಡಿದ್ದಳು.

"ಗಟ್ಟಿ ಐತೇನಬೇ?"

"ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳ ಕಾಲಕ್ಕೂ ಇರ್ತೈತ್ರಿ ಅಮ್ಮಾರ."

"ಒಳಗ ಏನ್ ಹಾಕೀದಿ?"

"ನಮ್ಮ ಅಂಗಡಿ ರದ್ದಿ. ಹಳೆ ಲೆಕ್ಕದ ಹಾಳಿ, ಸಂತಿ ಚೀಟಿ, ನನ್ನ ಮಗಳ ಕಾಪಿ ಬರಹ." ಯಮನೂರಮ್ಮ ರಟ್ಟಿನ ಅಂಚನ್ನು ಒಮ್ಮೆ ಸವರಿದಳು. "ಹುಣಸಿ ಬೀಜದ ಅಂಟಿಲೆ ಹಚ್ಚೀನಿ. ಯಾರಿಗೆ ಬೇಕೋ ಅವರಿಗೆ ಬಿಚ್ಚಾಕ ಬರ್ತೈತಿ."