ಒದ್ದೆ ಕೈ ತಾಗಿದ ಕ್ಯಾಸೆಟ್

ಮುಂಬಯಿ ಪಕ್ಕದ ಠಾಣೆಯ ನೌಪಾಡಾದಲ್ಲಿ, ಒಂದು ಉಡುಪಿ ಹೋಟೆಲಿನ ಮಹಡಿಯಲ್ಲಿ ತಿಂಗಳಿಗೊಂದು ಭಾನುವಾರ ನಾವು ಹತ್ತು ಹನ್ನೆರಡು ಗಂಡಸರು ಸೇರುತ್ತೇವೆ. ಎಲ್ಲರಿಗೂ ನಲವತ್ತರ ಆಸುಪಾಸು. ಅರ್ಧ ಮಂದಿಗೆ ತಲೆ ಬೋಳು, ಉಳಿದವರಿಗೆ ಹೊಟ್ಟೆ. ಪ್ರತಿಯೊಬ್ಬರ ಚೀಲದಲ್ಲೂ ಟಿವಿಗೆ ಜೋಡಿಸಿ ಆಡುವ ಹಳೆಯ ವಿಡಿಯೋ ಗೇಮಿನ ಪ್ಲಾಸ್ಟಿಕ್ ಕ್ಯಾಸೆಟ್ಟುಗಳಿರುತ್ತವೆ. ಒಳ್ಳೆಯ ಆಟ ತರುವಂತಿಲ್ಲ, ಅದು ನಮ್ಮ ನಿಯಮ. ಊರೆಲ್ಲ ಉಗಿದ ಆಟವನ್ನೇ ತರಬೇಕು, ಎದ್ದು ನಿಂತು ಹತ್ತು ನಿಮಿಷ ಅದರ ಪರವಾಗಿ ವಾದಿಸಬೇಕು. ಕೇಳಿದವರು ಒಪ್ಪಿದರೆ ಅವನಿಗೊಂದು ಜೋರು ಚಪ್ಪಾಳೆ, ಒಪ್ಪದಿದ್ದರೆ ತಮಾಷೆ.

ಕಾರಿಗೆ ಬ್ರೇಕೇ ಇಲ್ಲದ ರೇಸಿನ ಆಟವೊಂದನ್ನು ಬ್ಯಾಂಕಿನ ದೊಡ್ಡ ಅಧಿಕಾರಿಯೊಬ್ಬರು ಗಂಟಲು ಹರಿದುಕೊಂಡು ಸಮರ್ಥಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇನ್ನೊಬ್ಬರು ವಾಶಿಯಿಂದ ಬರುತ್ತಾರೆ. ಅವರ ಫುಟ್‌ಬಾಲ್ ಆಟದಲ್ಲಿ ಗೋಲು ಕಾಯುವವನು ಜಪ್ಪಯ್ಯ ಎಂದರೂ ಅಲುಗಾಡುವುದಿಲ್ಲ. ಶಾಲೆಯಲ್ಲಿ ಯಾರೂ ಯಾವ ಆಟಕ್ಕೂ ಸೇರಿಸಿಕೊಳ್ಳದ ತಾನು ಜೀವನದಲ್ಲಿ ಗೆದ್ದದ್ದು ಅವನೊಬ್ಬನ ಮೇಲೆ ಮಾತ್ರ ಎಂದು ಅವರು ಹೇಳಿದಾಗ ನಗುತ್ತಿದ್ದವರೇ ಜೋರು ಚಪ್ಪಾಳೆ ತಟ್ಟಿದರು. ನನ್ನ ಹೆಂಡತಿ ನಮ್ಮ ಕೂಟವನ್ನು ಹುಚ್ಚರ ಸಂತೆ ಎನ್ನುತ್ತಾಳೆ. ನನಗೆ ಆ ಹುಚ್ಚರೆಂದರೆ ಬಹಳ ಪ್ರೀತಿ.

ಮೂರು ವರ್ಷ ಹೋಗಿಬಂದರೂ ನಾನು ಮಾತ್ರ ಒಮ್ಮೆಯೂ ಎದ್ದು ನಿಂತಿರಲಿಲ್ಲ. ನಾನು ವಾದಿಸಬೇಕಾಗಿದ್ದ ಆಟ ನನ್ನ ಬಳಿ ಇರಲಿಲ್ಲ. ಇದ್ದಿದ್ದರೂ ಅದರ ಪರ ಮಾತಾಡುವ ಯೋಗ್ಯತೆ ನನಗಿರಲಿಲ್ಲ.

ನನಗೆ ಹನ್ನೆರಡು ವರ್ಷವಿದ್ದಾಗ ನಾವು ಡೊಂಬಿವಲಿಯ ಚಾಳೊಂದರ ಸಾಲುಮನೆಯಲ್ಲಿದ್ದೆವು, ಒಂದು ಕೋಣೆ, ಒಂದು ಅಡುಗೆಮನೆ. ಅಪ್ಪ ಠಾಣೆಯ ಹೋಟೆಲೊಂದರ ಗಲ್ಲಾದಲ್ಲಿ ಕೂರುತ್ತಿದ್ದರು. ಅಮ್ಮ ಮದುವೆಯಾಗಿ ಉಡುಪಿ ಕಡೆಯಿಂದ ನೇರ ಇಲ್ಲಿಗೆ ಬಂದವಳು. ಕನ್ನಡದಲ್ಲಿ ಏಳನೆಯ ಕ್ಲಾಸು ಓದಿದ್ದಳು, ಇಲ್ಲಿನ ಬೋರ್ಡುಗಳ ಮರಾಠಿ ಲಿಪಿ ಒಂದಕ್ಷರವೂ ಬರುತ್ತಿರಲಿಲ್ಲ. ಹಾಗೆಂದು ಅವಳು ಯಾರನ್ನೂ ಕೇಳಿದವಳಲ್ಲ. ಸ್ಟೇಷನ್ನುಗಳಿಗೆ ತನ್ನದೇ ಗುರುತು ಇಟ್ಟುಕೊಂಡಿದ್ದಳು. ಠಾಣೆ ಎಂದರೆ ಗೆರೆಗೆ ನೇತುಹಾಕಿದ ಗಿಂಡಿ. ಕಲ್ಯಾಣ ಎಂದರೆ ಸೊಂಡಿಲು ಚಾಚಿದ ಆನೆ. ತಲೆಯ ಮೇಲೆ ಬೊಟ್ಟು ಇಟ್ಟುಕೊಂಡದ್ದು ನಮ್ಮ ಡೊಂಬಿವಲಿ. ಬೊಟ್ಟು ಕಂಡ ಕೂಡಲೇ ನಮ್ಮಿಬ್ಬರ ಕೈ ಹಿಡಿದೆಳೆದು ಇಳಿಯುತ್ತಿದ್ದಳು. ಅಕ್ಕನೂ ನಾನೂ ಒಮ್ಮೆಯೂ ತಪ್ಪು ಸ್ಟೇಷನ್ನಿನಲ್ಲಿ ಇಳಿದವರಲ್ಲ.

ಸ್ಟೇಷನ್ನಿನ ಹತ್ತಿರ ಕ್ಯಾಸೆಟ್ ಬದಲಿಸಿ ಕೊಡುವ ಅಂಗಡಿಯೊಂದಿತ್ತು. ಆಡಿ ಬೇಸರವಾದ ಕ್ಯಾಸೆಟ್ ಕೊಟ್ಟು, ಮೇಲೆ ಒಂದಿಷ್ಟು ಚಿಲ್ಲರೆ ಇಟ್ಟರೆ ಬೇರೊಂದು ಸಿಗುತ್ತಿತ್ತು. ಆ ಕಾಲದ ಮಕ್ಕಳು ಹೊಸ ಕ್ಯಾಸೆಟ್ ಕಂಡವರಲ್ಲ. ಎಲ್ಲವೂ ಕುರ್ಲಾದಿಂದ ಕಲ್ಯಾಣದವರೆಗೆ ಹತ್ತು ಮನೆ ಸುತ್ತಿ ಬಂದವೇ. ಒಮ್ಮೆ ನಾನು ಕತ್ತಿ ಹಿಡಿದ ಯೋಧನ ಚಿತ್ರ ಅಂಟಿಸಿದ್ದ ಕ್ಯಾಸೆಟ್ ತಂದೆ. ಮನೆಗೆ ಬಂದು ಹಾಕಿದರೆ ಯೋಧನೂ ಇಲ್ಲ, ಕತ್ತಿಯೂ ಇಲ್ಲ. ಬುಟ್ಟಿ ಹಿಡಿದ ಒಬ್ಬಳು ಹುಡುಗಿ ಬೀದಿಯಲ್ಲಿ ನಡೆಯುತ್ತಾಳೆ. ಬೀದಿಯುದ್ದಕ್ಕೂ ಬಾಗಿಲುಗಳು, ಪ್ರತಿ ಬಾಗಿಲ ಮೇಲೆ ಯಾವುದೋ ದೇಶದ ಅಕ್ಷರ. ಸರಿಯಾದ ಬಾಗಿಲಿಗೆ ಹೋದರೆ ಪರದೆಯ ಮೇಲ್ಗಡೆ ಒಂದು ದೀಪ ಹೊತ್ತಿಕೊಳ್ಳುತ್ತದೆ, ಮುಂದಿನ ಬೀದಿ ಬರುತ್ತದೆ. ತಪ್ಪಿದರೆ ಮತ್ತೆ ಮೊದಲ ಬೀದಿಯಿಂದ ಹೊರಡಬೇಕು. ಒಟ್ಟು ಹನ್ನೆರಡು ದೀಪ. ಹೊಡೆಯುವುದಿಲ್ಲ, ಬಡಿಯುವುದಿಲ್ಲ, ಕೊನೆಗೆ ಒಂದು ಹಾರುವುದೂ ಇಲ್ಲ. ನಮ್ಮ ಚಾಳಿನ ಮಕ್ಕಳೆಲ್ಲ ಒಂದೊಂದು ಸಲ ಆಡಿ ಥೂ ಎಂದರು. ಅಂಗಡಿಯವನು ಮಾತ್ರ ಅದನ್ನು ವಾಪಸ್ ತೆಗೆದುಕೊಳ್ಳಲು ಸುತಾರಾಂ ಒಪ್ಪಲಿಲ್ಲ. ಬಹಳ ಮನೆಗಳಿಂದ ಹಿಂದೆ ಬಂದ ಮಾಲು ಅದು.

ಅದನ್ನು ಮೆಚ್ಚಿದವಳು ಅಮ್ಮ ಒಬ್ಬಳೇ. ಮಧ್ಯಾಹ್ನದ ಪಾತ್ರೆ ತೊಳೆದಾದ ಮೇಲೆ, ನಲ್ಲಿಯಲ್ಲಿ ನೀರು ಬರುವವರೆಗೆ ಅವಳಿಗೆ ಒಂದು ಗಂಟೆ ಬಿಡುವು. ಗೋಡೆಗೊರಗಿ, ಕಾಲು ಚಾಚಿ ಕೂತು ಆಡುತ್ತಿದ್ದಳು. ನಾನು ಹಲ್ಲು ಕಡಿಯುತ್ತಾ, “ಅದ್ರಲ್ಲಿ ಎಂತ ಉಂಟಮ್ಮ? ಓದ್ಲಿಕ್ಕೇ ಬರುದಿಲ್ಲ” ಎನ್ನುತ್ತಿದ್ದೆ.

“ನಂಗೆ ಇಲ್ಲಿ ಯಾವ ಬೋರ್ಡು ಓದ್ಲಿಕ್ಕೆ ಬರ್ತದೆ ಮಾರಾಯ? ನಿಮ್ಮನ್ನು ಮನೆಗೆ ಕರ್ಕೊಂಡು ಬರ್ಲಿಲ್ವಾ?” ಎನ್ನುತ್ತಿದ್ದಳು.

ಮೆಂತೆ, ಕೊತ್ತಂಬರಿಯ ಡಬ್ಬಗಳ ಮೇಲೆ ಅವಳು ಹೆಸರು ಬರೆದು ಅಂಟಿಸುತ್ತಿದ್ದಳು. ಹಾಗೆಯೇ ಈ ಕ್ಯಾಸೆಟ್ಟಿನ ಬೆನ್ನಿಗೂ ಕ್ಯಾಲೆಂಡರಿನ ಒಂದು ಚೂರು ಕತ್ತರಿಸಿ, ಅನ್ನದ ಅಗುಳಿನಿಂದ ಅಂಟಿಸಿದಳು. ಸರಿಯಾದ ಬಾಗಿಲು ಸಿಕ್ಕಾಗಲೆಲ್ಲ ಆ ಅಕ್ಷರ ಏನನ್ನು ಹೋಲುತ್ತದೋ ಅದನ್ನು ಸಣ್ಣಕ್ಕೆ ಬರೆದಳು. ಏಣಿ, ಕೊಡೆ, ಕಿಟಕಿ, ಮೊರ, ಮೀನಿನ ಮುಳ್ಳು, ಮುರಿದ ಬಳೆ. ಹೀಗೆ ಮೂರು ತಿಂಗಳಲ್ಲಿ ಹನ್ನೊಂದು ದೀಪ ಹೊತ್ತಿದವು. ಹನ್ನೊಂದನೆಯದು ಹೊತ್ತಿದ ದಿನ ನೀರು ಬಂದು, ಕೊಡ ತುಂಬಿ, ಹೊರಗೆಲ್ಲ ಹರಿದರೂ ಅವಳು ಏಳಲಿಲ್ಲ.

ಮಾರನೆಯ ದಿನವೇ ಅಂಗಡಿಯಲ್ಲಿ ಮಾಲೀಕನ ಬದಲು ಅವನ ಭಾವಮೈದ ಕೂತಿದ್ದ. ಯೋಧನ ಚಿತ್ರ ಮೇಲೆ ಮಾಡಿ ಕ್ಯಾಸೆಟ್ ಇಟ್ಟೆ. ಅವನು ತಿರುಗಿಸಿಯೂ ನೋಡದೆ ಒಂದು ಬಂದೂಕಿನ ಆಟ ಕೊಟ್ಟ. ನನಗಾದ ಮೋಸವನ್ನು ನಾನು ಮುಂದಿನವನಿಗೆ ದಾಟಿಸಿದ್ದೆ. ಅಲ್ಲಿಗೆ ನಿಲ್ಲಿಸಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಮಧ್ಯಾಹ್ನ ಅಮ್ಮ ಕ್ಯಾಸೆಟ್ ಎಲ್ಲಿ ಎಂದು ಕೇಳಿದಾಗ ನನ್ನ ಬಾಯಿಂದ ಹೊರಟ ಮಾತು ಇದು: “ಅದು ಕೆಟ್ಟುಹೋಯ್ತು. ನಿನ್ನೆ ನೀನು ಒದ್ದೆ ಕೈಯಲ್ಲಿ ಮುಟ್ಟಿದ್ದಿಯಲ್ಲ, ಅದಕ್ಕೇ. ಬಿಸಾಡಿದೆ.”

ಬೈದಿದ್ದರೆ ಚೆನ್ನಾಗಿತ್ತು. ಅವಳು ತನ್ನ ಎರಡೂ ಅಂಗೈ ತಿರುಗಿಸಿ ನೋಡಿಕೊಂಡಳು, “ನನ್ನ ಕೈಗೆ ಮಿಷನು ಆಗಿಬರುದಿಲ್ಲ” ಎಂದಳು. ಅಷ್ಟೇ.

ಆ ಮಾತು ಅವಳಿಗೆ ಅಂಟಿಕೊಂಡುಬಿಟ್ಟಿತು. ಮಿಕ್ಸಿ ಬಂದಾಗ ಸ್ವಿಚ್ ಹಾಕಲು ನಮ್ಮನ್ನು ಕರೆದಳು. ಮೊಬೈಲ್ ಬಂದಾಗ ಸೆರಗಿಗೆ ಎರಡು ಸಲ ಕೈ ಒರೆಸಿಕೊಳ್ಳದೆ ಮುಟ್ಟಲಿಲ್ಲ. ಈಗ ನಾವಿರುವ ಕಟ್ಟಡದಲ್ಲಿ ಲಿಫ್ಟಿನ ಗುಂಡಿ ಒತ್ತುವ ಮೊದಲೂ ಒರೆಸಿಕೊಳ್ಳುತ್ತಾಳೆ. ದೇವರ ಮುಂದೆ ಕೂಡ ಅವಳಿಗೆ ಅಷ್ಟು ಅಳುಕಿಲ್ಲ. ಮೂವತ್ತು ವರ್ಷ ಅದನ್ನು ನೋಡುತ್ತಾ ನಾನು ಬಾಯಿ ಹೊಲಿದುಕೊಂಡಿದ್ದೆ. ಮೊದಲು ಹೆದರಿಕೆ, ಆಮೇಲೆ ನಾಚಿಕೆ. ಇಷ್ಟು ಸಣ್ಣ ವಿಷಯವನ್ನು ಈಗ ಯಾಕೆ ಎತ್ತುವುದು ಎಂಬ ನೆಪವೂ ಜೊತೆಗಿತ್ತು.

ಮೂರು ತಿಂಗಳ ಹಿಂದೆ ನಮ್ಮ ಕೂಟಕ್ಕೆ ಕಲ್ಯಾಣದಾಚೆಯ ಶಹಾಡಿನಿಂದ ಹೊಸಬನೊಬ್ಬ ಬಂದ. ಅಲ್ಲಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಹಿಂದಿಯಲ್ಲಿ ನಾಚಿಕೊಂಡೇ ಮಾತು ಶುರು ಮಾಡಿ ಕ್ಯಾಸೆಟ್ ಹಾಕಿದ. ಟಿವಿಯಲ್ಲಿ ಬುಟ್ಟಿ ಹಿಡಿದ ಹುಡುಗಿ ನಡೆದು ಬಂದಳು. ಇಡೀ ಮಹಡಿ ಹೋ ಎಂದಿತು. ಇದನ್ನು ತಾವೂ ವಾಪಸ್ ಕೊಟ್ಟಿದ್ದೆವೆಂದು ಇಬ್ಬರು ಕೂಗಿದರು. ನಾನು ಬಾಯಿಗೆ ಒಯ್ದ ವಡೆಯನ್ನು ತಟ್ಟೆಗೆ ಹಿಂದಿಟ್ಟೆ. ಇದರಲ್ಲಿ ಯಾರೂ ಸಾಯುವುದಿಲ್ಲ, ಜೊತೆಗೆ ತನ್ನ ಕ್ಯಾಸೆಟ್ಟಿನಲ್ಲಿ ದಾರಿ ಹೇಳುವವರೂ ಇದ್ದಾರೆ ಎನ್ನುತ್ತಾ ಅವನು ಕ್ಯಾಸೆಟ್ಟನ್ನು ಹೊರತೆಗೆದು, ತಿರುಗಿಸಿ ಎತ್ತಿ ಹಿಡಿದ. ಹಳದಿಯಾದ ಸೆಲ್ಲೋಟೇಪಿನ ಅಡಿಯಲ್ಲಿ ಕ್ಯಾಲೆಂಡರಿನ ಚೂರು.

“ಏಣಿ, ಕೊಡೆ, ಕಿಟಕಿ, ಮೊರ” ಎಂದು ನಾನು ಕೂತಲ್ಲಿಂದಲೇ ಓದಿದೆ. ಓದಿದೆನೋ, ನೆನಪಿನಿಂದ ಹೇಳಿದೆನೋ.

ಅವನು ಬೆರಗಾಗಿ ನೋಡಿದ. “ನೀವು ಕನ್ನಡದವ್ರೇನ್ರಿ?”

ಹೊರಗೆ ಕಾಫಿ ಕುಡಿಯುತ್ತಾ ಎಲ್ಲ ಹೇಳಿದ. ಅವನ ತಂದೆ ಕಲಬುರಗಿ ಕಡೆಯಿಂದ ಲೋಡಿಂಗ್ ಕೆಲಸಕ್ಕೆ ಬಂದವರು. “ಕತ್ತಿ ಹಿಡದಾಂವ ಬರ್ತಾನಂತ ಹಾಕಿದ್ರ ಬುಟ್ಟಿ ಹಿಡದಾಕಿ ಬಂದಳ್ರಿ. ಅಳು ಬಂತು. ಹೊಳ್ಳಿಸಿ ನೋಡ್ತೀನಿ, ಕನ್ನಡ! ಓಣ್ಯಾಗ ಎಲ್ಲಾರೂ ಮರಾಠಿ ಸಾಲಿಗಿ ಹೋಗೋರು, ನಾ ಒಬ್ಬನೇ ಕನ್ನಡ ಸಾಲಿ. ಬರೇ ನಗ್ತಿದ್ರು. ನನಗಷ್ಟೇ ಓದಲಾಕ ಬರೋದು ಅಂತ ಒಂದರೆ ಸಿಕ್ತಲ್ಲ ಅಂತ ಟೇಪ್ ಹಚ್ಚಿ ಇಟ್ಕೊಂಡೆ. ಮೊರ, ಬಳಿ ಅಂತೆಲ್ಲ ಬರದಾರಲ್ಲ, ಹೆಣ್ಮಗಳೇ ಇರಬೇಕು ಅಂತಿದ್ದಳು ನಮ್ಮವ್ವ.”

ಇದನ್ನು ಯಾರಾದರೂ ಕಥೆಯಲ್ಲಿ ಬರೆದಿದ್ದರೆ ನಾನೇ ಮೂಗು ಮುರಿಯುತ್ತಿದ್ದೆ. ಆದರೆ ಯೋಚಿಸಿದರೆ ಅಷ್ಟೇನೂ ವಿಚಿತ್ರವಲ್ಲ. ಸಿಕ್ಕವರೆಲ್ಲ ಹಿಂದಿರುಗಿಸಿದ ಕ್ಯಾಸೆಟ್ ಅದು. ಕನ್ನಡ ಓದಬಲ್ಲವನ ಕೈಗೆ ಬಂದಾಗ ಮಾತ್ರ ಅದರ ತಿರುಗಾಟ ನಿಲ್ಲಬೇಕಿತ್ತು, ನಿಂತಿತು. “ಅದು ನಮ್ಮಮ್ಮನ ಅಕ್ಷರ” ಎಂದೆ. ಹೇಗೆ ಕೈಬಿಟ್ಟಿತು ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅಮ್ಮನನ್ನು ನೋಡಲು ಮುಂದಿನ ಭಾನುವಾರ ಮಧ್ಯಾಹ್ನ ಅವನು ಕ್ಯಾಸೆಟ್ಟಿನ ಜೊತೆ ತನ್ನ ಗೇಮಿನ ಪೆಟ್ಟಿಗೆಯನ್ನೂ ಹೊತ್ತು ಡೊಂಬಿವಲಿಯ ನಮ್ಮ ಮನೆಗೆ ಬಂದ. ಬರುವ ಮೊದಲೇ ಅಮ್ಮನಿಗೆ ಎಲ್ಲ ಹೇಳಿಬಿಡಬೇಕೆಂದು ನಾಲ್ಕು ಸಲ ಅಡುಗೆಮನೆಗೆ ಹೋಗಿ, ನಾಲ್ಕು ಸಲವೂ ನೀರು ಕುಡಿದು ವಾಪಸ್ ಬಂದಿದ್ದೆ. ಬಸಳೆ ತೊಳೆಯುತ್ತಿದ್ದ ಅಮ್ಮ ಹೊರಗೆ ಬಂದಳು. ಅವನು ಕಾಲು ಮುಟ್ಟಿ ಕ್ಯಾಸೆಟ್ ನೀಡಿದ. ಅವಳು ಸೆರಗಿಗೆ ಒಂದು ಸಲ ಕೈ ಒರೆಸಿದಳು, ಮತ್ತೊಂದು ಸಲ ಒರೆಸಿದಳು, ಆಮೇಲೆ ತೆಗೆದುಕೊಂಡಳು. ಚೀಟಿ ಕಂಡದ್ದೇ ಮುಖ ಅರಳಿ, ಅಲ್ಲಿಗೇ ಬಾಡಿತು.

“ಇದು ನನ್ನ ಕೈಯಲ್ಲಿ ಕೆಟ್ಟುಹೋದದ್ದಲ್ವಾ?”

“ಕೆಟ್ಟಿಲ್ಲಲ್ರಿ ಅಮ್ಮಾರ. ಮೂವತ್ತು ವರ್ಷ ಆಡೀನಿ. ಭೇಷ್ ಅದ.”

ಅಮ್ಮ ನನ್ನ ಕಡೆ ನೋಡಿದಳು. ಬಂದವನ ಎದುರು, ನನ್ನ ಮಗಳ ಎದುರು ನಾನು ಹೇಳಿದೆ. ಬಂದೂಕಿನ ಆಟಕ್ಕಾಗಿ ಬದಲಿಸಿದ್ದು, ಸುಳ್ಳು ಹೇಳಿದ್ದು, ನಿನ್ನ ಕೈಯಿಂದ ಯಾವತ್ತೂ ಏನೂ ಕೆಟ್ಟಿಲ್ಲ ಎನ್ನುವುದು.

ಅವಳು ಕ್ಯಾಸೆಟ್ಟನ್ನು ಅವನ ಕೈಗೆ ಕೊಟ್ಟು ಒಳಗೆ ಹೋದಳು. ನಲ್ಲಿ ಬಿಟ್ಟ ಸದ್ದು ಕೇಳಿಸಿತು. ಬಹಳ ಹೊತ್ತಾದ ಮೇಲೆ ಬಂದಳು. ಎರಡೂ ಕೈ ಮೊಣಕೈವರೆಗೆ ಒದ್ದೆ, ನೆಲದ ಮೇಲೆ ಹನಿ. ಒರೆಸಿಕೊಳ್ಳದೆ ಹಾಗೆಯೇ ಗೋಡೆಗೊರಗಿ ಕೂತು, ಗೇಮಿನ ರಿಮೋಟಿಗೆ ಕೈ ಚಾಚಿ, “ಹಾಕು” ಎಂದಳು.

ಏಣಿ, ಕೊಡೆ, ಕಿಟಕಿ. ಚೀಟಿ ನೋಡುವ ಅಗತ್ಯವೇ ಅವಳಿಗೆ ಬೀಳಲಿಲ್ಲ. ಮಗಳು ಪಕ್ಕದಲ್ಲಿ ಕೂತು, “ಯೇ ಕೈಸಾ ಗೇಮ್ ಹೈ ಅಜ್ಜಿ, ಕೋಯೀ ಮರ್ತಾ ಹೀ ನಹೀ” ಎಂದಳು. “ಸಾಯುದಾದ್ರೆ ನಾನ್ಯಾಕೆ ಆಡ್ಬೇಕು?” ಎಂದಳು ಅಮ್ಮ. ಹನ್ನೊಂದು ದೀಪ ಹೊತ್ತಿದವು. ಚೀಟಿಯ ಕೊನೆಯಲ್ಲಿ, ಅಮ್ಮನ ಪೆನ್ಸಿಲಿನ ಅಕ್ಷರಗಳ ಕೆಳಗೆ, ಆ ಫಿಟ್ಟರ್ ಹುಡುಗನಾಗಿದ್ದಾಗ ಇಂಕಿನಲ್ಲಿ ಸೇರಿಸಿದ್ದ ಒಂದು ಪದವಿತ್ತು: ತೊಟ್ಟಿಲು. ಅವನು ಹೇಳಲು ಬಾಯಿ ತೆರೆದ. ಅಮ್ಮ ಕೈಯೆತ್ತಿ ತಡೆದಳು. ಒಂದೊಂದೇ ಬಾಗಿಲು ನೋಡುತ್ತಾ ಹೋಗಿ, ಒಂದರ ಮುಂದೆ ನಿಂತಳು, ಒತ್ತಿದಳು.

ಹನ್ನೆರಡನೆಯ ದೀಪ ಹೊತ್ತಿತು. ಬಾಗಿಲು ತೆರೆದಾಗ ಒಳಗೆ ಒಬ್ಬಳು ಹೆಂಗಸು ಎದ್ದು ಬಂದು ಹುಡುಗಿಯ ಕೈಯಿಂದ ಬುಟ್ಟಿ ಇಸಿದುಕೊಂಡಳು. ಕೆಳಗೆ ಆ ದೇಶದ ಅಕ್ಷರಗಳ ಒಂದು ಸಾಲು ಮೂಡಿತು. ಮೂವತ್ತು ವರ್ಷ ಆಡಿದ ಅವನಿಗೂ ಅದೇನೆಂದು ಗೊತ್ತಿರಲಿಲ್ಲ.

“ಕ್ಯಾ ಲಿಖಾ ಹೈ?” ಮಗಳು ಕೇಳಿದಳು.

“ಎಂತ ಬರ್ದಿರ್ತಾರೆ? ಬಂದ್ಯಾ, ಕೈಕಾಲು ತೊಳ್ಕೊಂಡು ಬಾ, ಊಟ ಮಾಡುವ ಅಂತ” ಎಂದಳು ಅಮ್ಮ.

ಆಮೇಲೆ ನೀರು ತೊಟ್ಟಿಕ್ಕುತ್ತಿದ್ದ ರಿಮೋಟನ್ನು ನನ್ನ ಕಡೆ ನೀಡಿದಳು. ನಾನು ಒರೆಸಲೆಂದು ಅಂಗಿಯ ತುದಿ ಹಿಡಿದೆ.

“ಒರೆಸ್ಬೇಡ. ಹಾಗೇ ಆಡು” ಎಂದಳು.

ನಾನು ಹಾಗೇ ಆಡಿದೆ.