ಅಕ್ಕ ಹತ್ತುತ್ತಿದ್ದ ಪುಟ್ಟ ರೈಲು

ನಾನು ಚಿಕ್ಕವನಿದ್ದಾಗ ನಮ್ಮ ಹೊಲದ ಅಂಚಿನಲ್ಲೇ ಒಂದು ಪುಟ್ಟ ರೈಲು ಓಡಾಡುತ್ತಿತ್ತು. ಚಿಕ್ಕಬಳ್ಳಾಪುರದ ಕಡೆಯಿಂದ ಬಂದು ಶಿಡ್ಲಘಟ್ಟ, ಚಿಂತಾಮಣಿ ದಾಟಿ ಕೋಲಾರದ ಕಡೆಗೆ ಹೋಗುತ್ತಿತ್ತು. ಹಳಿಗಳು ಎಷ್ಟು ಹತ್ತಿರವಿದ್ದವೆಂದರೆ, ಎಂಟು ವರ್ಷದ ನಾನು ಒಂದರಿಂದ ಇನ್ನೊಂದಕ್ಕೆ ಸಲೀಸಾಗಿ ಜಿಗಿಯುತ್ತಿದ್ದೆ. ಡಬ್ಬಿಗಳೂ ಪುಟ್ಟವು, ಇಂಜಿನ್ನೂ ಪುಟ್ಟದು, ಕೂಗು ಮಾತ್ರ ಊರಿಗೆಲ್ಲ ಕೇಳುವಷ್ಟು ದೊಡ್ಡದು. ಆ ಕೂಗು ಕೇಳಿದಾಗಲೆಲ್ಲ ನನ್ನ ಹೊಟ್ಟೆಯೊಳಗೆ ಕೆಂಡ ಬಿದ್ದಂತಾಗುತ್ತಿತ್ತು. ಏಕೆಂದರೆ ನಮ್ಮ ಮನೆಯಲ್ಲಿ ದಿನಾ ಆ ರೈಲು ಹತ್ತುತ್ತಿದ್ದವಳು ಒಬ್ಬಳೇ, ನನ್ನ ಅಕ್ಕ.

ಅಕ್ಕ ಶಿಡ್ಲಘಟ್ಟದ ಹೈಸ್ಕೂಲಿಗೆ ಹೋಗುತ್ತಿದ್ದಳು. ನಮ್ಮೂರಿನಿಂದ ಹಾಗೆ ಹೋದ ಮೊದಲ ಹುಡುಗಿ ಅವಳು. ಬೆಳಿಗ್ಗೆ ಅಮ್ಮ ಅವಳಿಗೆ ಎರಡು ಜಡೆ ಹೆಣೆದು, ಹಿತ್ತಾಳೆ ಡಬ್ಬಿಯಲ್ಲಿ ಚಿತ್ರಾನ್ನ ಕಟ್ಟಿಕೊಡುತ್ತಿದ್ದಳು. ನನಗೆ ಊರಿನ ಶಾಲೆ. ಮಧ್ಯಾಹ್ನ ಮನೆಗೇ ಬಂದು ಮುದ್ದೆ ನುಂಗಬೇಕು. ಚಿತ್ರಾನ್ನ ಅವಳಿಗೆ, ಡಬ್ಬಿ ಅವಳಿಗೆ, ಸೀಸನ್ ಪಾಸು ಅವಳಿಗೆ. ಸಂಜೆ ಅವಳು ಕೈಕಾಲು ತೊಳೆಯಲು ಹೋದಾಗ ನಾನು ಕದ್ದು ಅವಳ ಪುಸ್ತಕದ ಚೀಲ ಮೂಸಿ ನೋಡುತ್ತಿದ್ದೆ. ಕಲ್ಲಿದ್ದಲಿನ ಹೊಗೆಯ ವಾಸನೆ! ನನ್ನ ಚೀಲಕ್ಕೆ ಬಳಪದ ಪುಡಿಯ ವಾಸನೆ ಬಿಟ್ಟರೆ ಇನ್ನೇನೂ ಇರಲಿಲ್ಲ.

ಒಂದು ಸಂಜೆ ಅವಳ ಸೆರಗು ಹಿಡಿದು ಬೇಡಿದೆ. "ಅಕ್ಕಾ, ಒಂದೇ ಒಂದು ದಿನ ನನ್ನೂ ಕರ್ಕೊಂಡು ಹೋಗೇ."

"ನೀನಿನ್ನೂ ಚಿಕ್ಕೋನು ಕಣೋ. ಇಂಜಿನ್ ಕೂಗಿದ್ರೆ ಚಡ್ಡೀಲೇ ಉಚ್ಚೆ ಹೊಯ್ಕೊಂತೀಯ" ಎಂದು ಅಕ್ಕ ನಕ್ಕುಬಿಟ್ಟಳು.

ಅವಳು ತಮಾಷೆಗೆ ಅಂದಿದ್ದಳು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಅಪ್ಪ ಜಗಲಿಯಲ್ಲಿ ಕೂತು ಹಿಪ್ಪುನೇರಳೆ ಸೊಪ್ಪಿನ ಹೊರೆ ಬಿಚ್ಚುತ್ತಿದ್ದರು. ನೆಟ್ಟಗೆ ಅವರ ಹತ್ತಿರ ಹೋದೆ. "ಅಪ್ಪಾ, ಅಕ್ಕ ರೈಲಲ್ಲಿ ಬಾಗಿಲ ಹತ್ರ ನಿಂತ್ಕೊಂಡು ಹುಡುಗರ ಜೊತೆ ನಕ್ಕೊಂಡು ಬರ್ತಾಳೆ. ನಾನೇ ನೋಡ್ದೆ."

ಅದು ಹಸಿ ಸುಳ್ಳು. ಅವಳಿಗೆ ಎರಡು ಬೈಗುಳ ಬಿದ್ದರೆ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು, ಅಷ್ಟೇ ನನ್ನ ಲೆಕ್ಕ. ಆದರೆ ಅಪ್ಪ ಬೈಯಲಿಲ್ಲ. ಸೊಪ್ಪು ಬಿಚ್ಚುತ್ತಿದ್ದ ಕೈ ಹಾಗೇ ನಿಂತಿತು.

ಮಾರನೆಯ ಬೆಳಿಗ್ಗೆ ಅಕ್ಕ ಜಡೆ ಹಾಕಿಸಿಕೊಂಡು ಹೊರಟು ನಿಂತಾಗ ಅಪ್ಪ ಅವಳ ಮುಖ ನೋಡದೆ ಹೇಳಿದರು, "ಇವತ್ತಿಂದ ಸ್ಕೂಲು ಬೇಡಮ್ಮ. ಮನೇಲಿ ಹುಳ ನೋಡ್ಕೊಳ್ಳೋರು ಬೇಕು."

ಮೂಲೆಯಲ್ಲಿದ್ದ ಅಜ್ಜಿ ತನ್ನ ತೆಲುಗು ಬೆರೆತ ಮಾತಿನಲ್ಲಿ, "ಚಾಲು ಚಾಲು, ಕಲ್ತಿದ್ದು ಸಾಕು" ಎಂದಳು. ಅಕ್ಕ "ಯಾಕಪ್ಪಾ?" ಎಂದು ಒಂದೇ ಸಲ ಕೇಳಿದಳು. ಅಪ್ಪ ಹೆಗಲಿಗೆ ಟವೆಲ್ಲು ಹಾಕಿಕೊಂಡು ತೋಟದ ಕಡೆ ಹೊರಟರು. ಅವಳು ಅಳಲಿಲ್ಲ. ಡಬ್ಬಿಯನ್ನು ಅಡುಗೆಮನೆಯಲ್ಲಿಟ್ಟು, ರೇಷ್ಮೆ ಹುಳುವಿಗೆ ಸೊಪ್ಪು ಹೆಚ್ಚಲು ಕೂತಳು.

ಅಮ್ಮ ಆ ಡಬ್ಬಿಯನ್ನು ನನ್ನ ಮುಂದೆ ಇಟ್ಟಳು. "ತಿನ್ನು, ಹಾಳಾಗ್ತದೆ." ವರ್ಷವಿಡೀ ನಾನು ಕಣ್ಣಿಟ್ಟಿದ್ದ ಚಿತ್ರಾನ್ನ ಅದು. ಒಂದು ತುತ್ತು ಬಾಯಿಗಿಟ್ಟೆ. ಅಷ್ಟರಲ್ಲಿ ರೈಲು ಕೂಗಿತು. ಅಕ್ಕನ ಕೈಯ ಕತ್ತಿ ಸೊಪ್ಪಿನ ಮೇಲೆ ಗಕ್ಕನೆ ನಿಂತಿತು. ಕೈಯಲ್ಲಿದ್ದ ಎರಡನೆಯ ತುತ್ತನ್ನು ಡಬ್ಬಿಗೇ ಹಾಕಿದೆ. ಎದ್ದು ನಿಲ್ದಾಣದ ಕಡೆ ಓಡಿದೆ.

ನಿಲ್ದಾಣವೆಂದರೆ ಒಂದು ಹುಣಸೆಮರ, ಒಂದು ಕಲ್ಲುಬೆಂಚು, ಒಂದು ಬೋರ್ಡು, ಅಷ್ಟೇ. ರೈಲು ಹೊರಡದೆ ನಿಂತಿತ್ತು. ಚಿಂತಾಮಣಿಯ ಗಾರ್ಡ್ ಸಾಹೇಬರು, ಬಿಳಿ ಗಡ್ಡದವರು, ಹಸಿರು ಬಾವುಟವನ್ನು ಕಂಕುಳಲ್ಲಿಟ್ಟುಕೊಂಡು ನಮ್ಮೂರ ದಾರಿ ನೋಡುತ್ತಿದ್ದರು.

"ಬೇಟಾ, ನಿಮ್ಮಕ್ಕ ಎಲ್ಲಿ? ಜ್ವರ ಬಂತಾ?"

ನಾನು ಕಾಲಬೆರಳಿನಿಂದ ಮಣ್ಣು ಕೆದಕಿದೆ.

"ಹೆಂಗಸರ ಡಬ್ಬೀಲಿ ಮೂಲೇಲಿ ಕೂತ್ರೆ ಶಿಡ್ಲಘಟ್ಟ ಬರೋವರ್ಗೂ ಪುಸ್ತಕದಿಂದ ತಲೆ ಎತ್ತಲ್ಲ ಆ ಮಗು. ಇಳೀಬೇಕು ಅಂತ ನಾನೇ ಕೂಗಿ ಹೇಳ್ಬೇಕು. ಹುಷಾರಾದ್ಮೇಲೆ ಬಾ ಅನ್ನು, ಆಯ್ತಾ?" ಎಂದು ಇನ್ನೊಂದು ಸಲ ದಾರಿ ನೋಡಿ ಬಾವುಟ ಬೀಸಿದರು. ಪುಟ್ಟ ರೈಲು ಏದುಸಿರು ಬಿಡುತ್ತಾ ಹೋಯಿತು. ನಾನು ಅಲ್ಲಿಂದ ಹಿಪ್ಪುನೇರಳೆ ತೋಟದವರೆಗೂ ಅಳುತ್ತಲೇ ಓಡಿದೆ.

"ಅಪ್ಪಾ, ನಾನು ನೋಡಿರ್ಲಿಲ್ಲ. ಸುಳ್ಳು ಹೇಳ್ದೆ."

ಅಪ್ಪ ಕುಡುಗೋಲು ಕೆಳಗಿಟ್ಟು ಬದುವಿನ ಮೇಲೆ ಕೂತರು. "ಯಾಕೋ ಹಂಗಂದೆ?"

"ನನ್ನ ರೈಲಿಗೆ ಕರ್ಕೊಂಡು ಹೋಗಲ್ಲ ಅಂದ್ಳು."

ಬೆನ್ನಿಗೆ ಏಟು ಬೀಳುತ್ತದೆಂದು ಕಣ್ಣು ಮುಚ್ಚಿಕೊಂಡೆ. ಬೀಳಲಿಲ್ಲ. ಅಪ್ಪ, "ನೀನು ಹುಡುಗ. ನಾನಾದ್ರೂ ಅವಳನ್ನ ಒಂದು ಮಾತು ಕೇಳ್ಬೇಕಾಗಿತ್ತು" ಎಂದರು. ಆಮೇಲೆ, "ಹೋಗು, ಅವಳಿಗೂ ನೀನೇ ಹೇಳು" ಎಂದರು.

ಅಕ್ಕನ ಎದುರು ನಿಂತು ಹೇಳಿದೆ. ಅವಳು ನನ್ನನ್ನೇ ನೋಡುತ್ತಾ, "ನೀನಾ?" ಎಂದಳು. ಅಷ್ಟೇ. ಏಟು ತಿಂದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ.

ಮಾರನೆಯ ದಿನ ಅಪ್ಪ ಅಕ್ಕನನ್ನು ತಾವೇ ಶಾಲೆಗೆ ಬಿಡಲು ಹೊರಟರು. "ಬಾರೋ ನೀನೂ. ಮೇಷ್ಟ್ರ ಮುಂದೆ ನಡೆದಿದ್ದು ಹೇಳುವಂತೆ" ಎಂದು ನನ್ನನ್ನೂ ಹೊರಡಿಸಿದರು. ಹೀಗೆ ನಾನು ಮೊದಲ ಸಲ ರೈಲು ಹತ್ತಿದೆ. ಕಿಟಕಿಯಾಚೆ ಏನೇನಿತ್ತೋ ನನಗೆ ಗೊತ್ತಿಲ್ಲ. ದಾರಿಯುದ್ದಕ್ಕೂ ನಾನು ನೋಡಿದ್ದು ಡಬ್ಬಿಯ ನೆಲದ ಮೇಲೆ ಹರಡಿದ್ದ ಕಡಲೇಕಾಯಿ ಸಿಪ್ಪೆ ಮತ್ತು ಅಪ್ಪನ ಬಿರುಕುಬಿಟ್ಟ ಹಿಮ್ಮಡಿ.

ಶಾಲೆಯ ಬಾಗಿಲಲ್ಲಿ ಮೇಷ್ಟ್ರು, "ಏನಮ್ಮಾ, ನೆನ್ನೆ ಯಾಕೆ ಬರ್ಲಿಲ್ಲ?" ಎಂದು ಕೇಳಿದರು. ಅಪ್ಪ ನನ್ನ ಕಡೆ ತಿರುಗಿದರು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅಕ್ಕ, "ಮನೇಲಿ ಹುಳ ಹಣ್ಣಾಗಿ ಗೂಡು ಕಟ್ಟೋಕೆ ಬಂದಿತ್ತು ಸಾರ್, ಕೆಲಸ ಇತ್ತು" ಎಂದಳು. ನನ್ನ ಕಡೆ ನೋಡದೆ ತರಗತಿಯೊಳಗೆ ಹೋದಳು. ಅಪ್ಪ ಮೇಷ್ಟ್ರಿಗೆ ಕೈಮುಗಿದು ಹೊರಟರು. ಮತ್ತೆ ರೈಲಿದ್ದದ್ದು ಸಂಜೆಗೆ. ನಾವಿಬ್ಬರೂ ಹಳಿಯ ಪಕ್ಕದ ಕಾಲುದಾರಿಯಲ್ಲಿ ನಡೆದೇ ಊರಿಗೆ ಬಂದೆವು.

ಅಕ್ಕ ನನ್ನ ಜೊತೆ ಮೊದಲಿನಂತೆ ಮಾತಾಡಲು ಹದಿನೈದು ದಿನ ಹಿಡಿಯಿತು. ನನ್ನ ಹೊಟ್ಟೆಕಿಚ್ಚು ಅಂದಿಗೇ ಮುಗಿಯಿತು ಎಂದರೆ ಅದೂ ಸುಳ್ಳಾದೀತು. ಅವಳು ಎಸ್ಸೆಸ್ಸೆಲ್ಸಿ ಪಾಸಾದಾಗ ಉರಿಯಿತು, ಚಿಂತಾಮಣಿಯಲ್ಲಿ ಸ್ಕೂಲ್ ಮೇಡಂ ಆದಾಗಲೂ ಒಂದಿಷ್ಟು ಉರಿಯಿತು. ಆದರೆ ಆ ಉರಿಯನ್ನು ನಾಲಿಗೆಯವರೆಗೆ ಬರಲು ಮತ್ತೆಂದೂ ಬಿಡಲಿಲ್ಲ.

ಮಕ್ಕಳೇ, ಆ ಪುಟ್ಟ ಹಳಿಗಳನ್ನು ಕಿತ್ತು ಈಗ ಅಗಲವಾದ ಹಳಿ ಹಾಕಿದ್ದಾರೆ. ನಮ್ಮೂರ ನಿಲ್ದಾಣ ಎಲ್ಲಿತ್ತೆಂದು ಕೇಳಿದರೆ ನಾನೇ ತಡಕಾಡಬೇಕು. ನಿಮಗೆ ಮನೆ ಬಾಗಿಲಿಗೇ ಹಳದಿ ವ್ಯಾನು ಬರುತ್ತದೆ. ಅಣ್ಣನಿಗೊಂದು ಸೀಟು, ತಂಗಿಗೊಂದು ಸೀಟು. ತಂಗಿ ಹೋಗಬೇಕೋ ಬೇಡವೋ ಎಂದು ಈ ಮನೆಯಲ್ಲಿ ಯಾರೂ ಕೇಳುವುದಿಲ್ಲ. ನೀವಿಬ್ಬರೂ ತಳ್ಳಾಡಿಕೊಂಡು ಹತ್ತುವುದನ್ನು ನೋಡುವಾಗ ಈ ತಾತನಿಗೆ ಈ ವಯಸ್ಸಿನಲ್ಲೂ ಹೊಟ್ಟೆಕಿಚ್ಚಾಗುತ್ತದೆ, ಈ ಸಲ ನನ್ನ ಅಕ್ಕನ ಪರವಾಗಿ. ಅವಳಿಗಿದ್ದದ್ದು ಆ ಒಂದೇ ಸೀಟು. ಎಂಟು ವರ್ಷದ ತಮ್ಮನ ಒಂದು ಮಾತಿಗೆ ಅದು ಹೋಗಿಬಿಡುವಂತಿತ್ತು.