ಮಗಳ ಕಣ್ಣಿಗೆ ಹೊಂದಿಸಿದ ಬೆಳಕು

ನಾನು ನಿಂತಿದ್ದದ್ದು ಅಡುಗೆಮನೆಯ ಬಾಗಿಲಲ್ಲಿ, ಎಡ ಹೆಗಲನ್ನು ಚೌಕಟ್ಟಿಗೆ ಕೊಟ್ಟು. ಜೋಗೇಶ್ವರಿಯ ನಮ್ಮ ಎರಡು ಕೋಣೆಯ ಮನೆ. ಮಳೆಗಾಲದ ಒಂದು ಶನಿವಾರ, ಮಧ್ಯಾಹ್ನದ ಊಟ ಮುಗಿದ ಹೊತ್ತು. ಹೊರಕೋಣೆಯ ಮೇಜಿನ ಮೇಲೆ ಕೆಂಪು ಬೆಳಕಿನ ಪೆಟ್ಟಿಗೆ. ಒಂಬತ್ತು ವರ್ಷದ ಮಗಳು ಅದರ ಎರಡು ಕಿಂಡಿಗಳಿಗೆ ಕಣ್ಣಿಟ್ಟು ಕೂತಿದ್ದಳು. ದಿನವೂ ಅವಳನ್ನು ಅಲ್ಲಿ ಕೂರಿಸುತ್ತಿದ್ದವಳು ನನ್ನ ಹೆಂಡತಿ. ಅಂದು ಅವಳಿಗೆ ಡ್ಯೂಟಿ ಇದ್ದುದರಿಂದ ನನ್ನ ಅವ್ವ ಮೊದಲ ಸಲ ಆ ಕೆಲಸ ವಹಿಸಿಕೊಂಡಿದ್ದಳು. ಪೆಟ್ಟಿಗೆ ತಾನಾಗಿ ಆರಿತು. ಮಗಳು ಮುಖ ಎತ್ತಿ ಗೋಡೆ ನೋಡಿದಳು, ನೆಲ ನೋಡಿದಳು, ಆಮೇಲೆ ನನ್ನ ಕಡೆ ತಿರುಗಿದಳು.

“ಪಪ್ಪಾ, ಆ ಧಬ್ಬಾ ಹೋಗ್ತಾನೇ ಇಲ್ಲ.”

ಅವಳಿಗೆ ಸಮೀಪದೃಷ್ಟಿ. ವರ್ಷ ವರ್ಷವೂ ಕನ್ನಡಕದ ನಂಬರು ಏರುತ್ತಿತ್ತು, ಶಾಲೆಯಲ್ಲಿ ‘ಡಬಲ್ ಬ್ಯಾಟರಿ’ ಎಂದು ಕರೆಯುತ್ತಿದ್ದರು. ಘಾಟ್ಕೋಪರ್‌ನ ಕಣ್ಣಿನ ಡಾಕ್ಟರು ಬೆಳಗಾವಿ ಕಡೆಯ ಹೆಂಗಸು. ಕಣ್ಣುಗುಡ್ಡೆ ಉದ್ದಕ್ಕೆ ಬೆಳೆಯುವುದನ್ನು ಹದವಾದ ಕೆಂಪು ಬೆಳಕು ನಿಧಾನಗೊಳಿಸಬಹುದು, ಆದರೆ ಒಂದು ಮಗುವಿಗೆ ಹದವಾದದ್ದು ಇನ್ನೊಂದಕ್ಕೆ ಹೆಚ್ಚಾಗಿ ಕಣ್ಣಿನ ಹಿಂದಿನ ಪರದೆಯನ್ನೇ ಕೆಡಿಸಬಹುದು ಎಂದು ಅವರು ಮೊದಲ ದಿನವೇ ಹೇಳಿದ್ದರು. ಅದಕ್ಕೇ ಅವರು ಒಪ್ಪಿಗೆ ಪಡೆದು ನಡೆಸುತ್ತಿದ್ದ ಪ್ರಯೋಗದಲ್ಲಿ ಒಂದೊಂದು ಮಗುವಿನ ಪಾಪೆಯ ಅಗಲ, ಗುಡ್ಡೆಯ ಉದ್ದ ಅಳೆದು, ಪರದೆಯ ಚಿತ್ರ ತೆಗೆದು, ಆ ಮಗುವಿಗೆಂದೇ ಬೆಳಕನ್ನು ಹೊಂದಿಸಿ ಕೊಡುತ್ತಿದ್ದರು. ಪೆಟ್ಟಿಗೆ ಆರಿದ ಮೇಲೆ ಕಣ್ಣ ಮುಂದೆ ಒಂದು ಕಲೆ, ಮಗಳ ಮಾತಿನ ‘ಧಬ್ಬಾ’, ಉಳಿಯುತ್ತದೆ, ಅದು ಬೇಗ ಕರಗಬೇಕು; ಕರಗದಿದ್ದರೆ ನಿಲ್ಲಿಸಿ ತಕ್ಷಣ ಫೋನ್ ಮಾಡಿ ಎಂದಿದ್ದರು.

ಕಾದೆವು. “ಈಗ?” ಅಂದೆ.

“ಅದ ಇನ್ನೂ. ಅಜ್ಜಿ ಮೂಗಿನ ಮ್ಯಾಲೆ ಕುಂತದ.”

ಅವ್ವ ಮೂಗು ಒರೆಸಿಕೊಂಡಳು. ನನಗೆ ನಗು ಬರಲಿಲ್ಲ. ಡಾಕ್ಟರಿಗೆ ಫೋನ್ ಮಾಡಿದೆ. “ಈಗಲೇ ಕರ್ಕೊಂಡು ಬರ್ರಿ,” ಅಂದರು ಡಾಕ್ಟರು.

ಅಂಧೇರಿವರೆಗೆ ಲೋಕಲ್, ಅಲ್ಲಿಂದ ಮೆಟ್ರೋ. ಕಿಟಕಿಯಾಚೆ ಕಂಡ ಪ್ರತಿ ಬೋರ್ಡನ್ನೂ ಓದು ಎಂದು ಮಗಳಿಗೆ ಹೇಳುತ್ತಲೇ ಇದ್ದೆ.

“ಪಪ್ಪಾ, ಎಕ್ಸಾಮ್ ತಗೋಬ್ಯಾಡ. ನಂಗ ಹೆದರಿಕಿ ಆಗ್ತದ,” ಅಂದಳು. ಸ್ವಲ್ಪ ಹೊತ್ತಿನ ಮೇಲೆ ತಾನೇ ಹೇಳಿದಳು: “ಹೇಳಬಾರದು ಅನ್ಕೊಂಡಿದ್ದೆ. ಹೇಳಿದ್ರ ಪೆಟ್ಟಿಗಿ ಕಸ್ಕೋತಾರ, ನಂಬರ್ ಮತ್ತ ಏರ್ತದ. ಆದ್ರೂ ಹೇಳಿದೆ.” ಆ ವಯಸ್ಸಿನಲ್ಲಿ ನನಗೆ ಅಷ್ಟು ಧೈರ್ಯ ಇರಲಿಲ್ಲ.

ಕ್ಲಿನಿಕ್ ತಲುಪುವಷ್ಟರಲ್ಲಿ ಕಲೆ ಮಾಸಿತ್ತು. ಡಾಕ್ಟರು ಪರದೆಯ ಚಿತ್ರ ತೆಗೆದು, ಹಳೆಯದರ ಪಕ್ಕಕ್ಕಿಟ್ಟು, ಬಹಳ ಹೊತ್ತು ನೋಡಿದರು. “ಪರದೀಗೆ ಏನೂ ಆಗಿಲ್ಲ. ಆದ್ರ ಪೆಟ್ಟಿಗಿ ಬಂದ್,” ಅಂದರು. ನಾವು ತಂದ ಪೆಟ್ಟಿಗೆಯನ್ನು ಪರೀಕ್ಷಿಸಿದರು. ಬೆಳಕು ಹೊಂದಿಸಿದಷ್ಟೇ ಇತ್ತು. ಪಾಪೆಯನ್ನು ಮತ್ತೆ ಅಳೆದರು; ಅದೂ ಮೊದಲಿನಷ್ಟೇ. ಹುಡುಗಿಗೆ ಭ್ರಮೆಯಾಗಿರಬೇಕು ಎಂದು ಕೈತೊಳೆದುಕೊಳ್ಳಲು ಅದಕ್ಕಿಂತ ಒಳ್ಳೆಯ ಅವಕಾಶ ಇರಲಿಲ್ಲ. ಅವರು ಹಾಗೆ ಹೇಳಲಿಲ್ಲ. “ಈಕಿ ಸುಳ್ಳು ಹೇಳಂಗಿಲ್ಲ. ನಾಳೆ ನಿಮ್ಮ ಮನೀಗೆ ಬರ್ತೀನಿ,” ಅಂದರು.

ಭಾನುವಾರ ಬೆಳಿಗ್ಗೆ ಒದ್ದೆ ಛತ್ರಿ ಹಿಡಿದು ನಮ್ಮ ಬಿಲ್ಡಿಂಗಿನ ಮೆಟ್ಟಿಲು ಹತ್ತಿ ಬಂದರು. “ನಿನ್ನೆ ಹ್ಯಾಂಗ ಮಾಡಿದ್ರಿ, ಹಾಂಗ ಮಾಡಿ ತೋರಸ್ರಿ. ಪೆಟ್ಟಿಗಿ ಮಾತ್ರ ಹಚ್ಚೂದು ಬ್ಯಾಡ.”

ಮಗಳು ಕುರ್ಚಿಯಲ್ಲಿ ಕೂತಳು. ಅವ್ವ ಎದ್ದು ಕಿಟಕಿಯ ಪರದೆ ಎಳೆದಳು. ಟ್ಯೂಬ್‌ಲೈಟ್ ಆರಿಸಿದಳು. ಎದುರಿನ ಬಿಲ್ಡಿಂಗ್ ಮೊದಲೇ ಅಡ್ಡ. ಕೋಣೆ ಪೂರ್ತಿ ಕತ್ತಲಾಯಿತು. ಹಿಂದಿನ ದಿನವೂ ಹೀಗೇ ಇತ್ತು; ಬಾಗಿಲಲ್ಲಿ ನಿಂತು ನೋಡಿದ್ದರೂ ಅದರಲ್ಲಿ ಏನಾದರೂ ಇದೆ ಎಂದು ನನಗೆ ಹೊಳೆದಿರಲಿಲ್ಲ.

“ಅಜ್ಜಿ, ಲೈಟ್ ಯಾಕ ಆರಿಸಿದ್ರಿ?”

“ಅಯ್ಯ ಡಾಕ್ಟರಬಾಯಿ, ಟಿವಿ ಸುದ್ದಾ ಕತ್ತಲ್ಯಾಗ ಚಂದ ಕಾಣ್ತೈತಿ. ಕೂಸಿನ ಕಣ್ಣಿಗೆ ಬೆಳಕ ಚಲೋತ್ನಂಗ ಹತ್ಲಿ ಅಂತ.”

ಕತ್ತಲಲ್ಲಿ ಪಾಪೆ ಅಗಲವಾಗುತ್ತದೆ, ಅಗಲವಾದ ಪಾಪೆಯಿಂದ ಹೆಚ್ಚು ಬೆಳಕು ಒಳಗೆ ಹೋಗುತ್ತದೆ ಎಂದು ಡಾಕ್ಟರು ಮೆಲ್ಲಗೆ ವಿವರಿಸಿದರು. ಅವ್ವನ ಮುಖ ಇಳಿಯಿತು. “ಹಂಗಾರ ನಾನಽ ಕೂಸಿನ ಕಣ್ಣ ಕಳೀತಿದ್ನೇನ?”

ಡಾಕ್ಟರು ಕುರ್ಚಿ ಎಳೆದು ಅವಳ ಪಕ್ಕ ಕೂತರು. “ನೀವಲ್ಲರೀ ಅಜ್ಜಿ. ನಾ ಹುಡುಗಿ ಕಣ್ಣ ಅಳೆದೆ, ನಿಮ್ಮ ಮನೀ ಬೆಳಕ ಅಳೀಲಿಲ್ಲ. ದೀಪ ಹಚ್ಚಿಟ್ಟು ಮಾಡ್ರಿ ಅಂತ ಬಾಯಿಬಿಟ್ಟು ಹೇಳಲೂ ಇಲ್ಲ. ತಪ್ಪು ನಂದು.”

ಅಷ್ಟು ಓದಿದವರೊಬ್ಬರು ಅಷ್ಟು ಸರಳವಾಗಿ ಆ ಮಾತು ಹೇಳಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ತಿಂಗಳುಗಟ್ಟಲೆ ಚಿಕಿತ್ಸೆ ನಿಂತಿತು. ನಮ್ಮದಷ್ಟೇ ಅಲ್ಲ, ಆ ಪ್ರಯೋಗದಲ್ಲಿದ್ದ ಎಲ್ಲ ಮಕ್ಕಳದ್ದೂ. ಮಗಳ ಪರದೆಯ ಚಿತ್ರ ಮತ್ತೆ ಮತ್ತೆ ತೆಗೆದರು. ಆಮೇಲೆ ಒಂದು ದಿನ ಡಾಕ್ಟರು ಬದಲಿಸಿದ ಪೆಟ್ಟಿಗೆಯನ್ನು ತಾವೇ ಹೊತ್ತು ತಂದರು. ಇದು ಪ್ರತಿ ಸಲವೂ ಮೊದಲು ಪಾಪೆಯನ್ನು ನೋಡಿ, ಅದಕ್ಕೆ ತಕ್ಕಂತೆ ಬೆಳಕನ್ನು ತಗ್ಗಿಸಿಕೊಳ್ಳುತ್ತದೆ, ಕತ್ತಲಲ್ಲಿ ಪಾಪೆ ತೀರ ಅಗಲವಾಗಿದ್ದರೆ ಹತ್ತುವುದೇ ಇಲ್ಲ ಎಂದರು. ನಂತರ ಅವ್ವನ ಕಡೆ ತಿರುಗಿದರು. “ಆರಸ್ರಿ ಅಜ್ಜಿ ಲೈಟ್.”

“ನಾ ಒಲ್ಲೆರೀ!”

“ಆರಸ್ರಿ. ನಾ ಇದ್ದೀನಿ.”

ಅವ್ವ ಆರಿಸಿದಳು. ಮೊದಲು ಡಾಕ್ಟರೇ ಕಿಂಡಿಗೆ ಕಣ್ಣಿಟ್ಟು ಗುಂಡಿ ಒತ್ತಿದರು. ಪೆಟ್ಟಿಗೆ ಹತ್ತಲಿಲ್ಲ. ಎರಡನೇ ಸಲ ಒತ್ತಿದರೂ ಹತ್ತಲಿಲ್ಲ.

“ನೋಡಲೇ, ನನ್ನ ಮ್ಯಾಲಿನ ಸಿಟ್ಟು ಇನ್ನೂ ಹೋಗಿಲ್ಲ ಇದಕ್ಕ,” ಅಂದಳು ಅವ್ವ. ಆಗ ಎಲ್ಲರೂ ನಕ್ಕೆವು.

ದೀಪ ಹಾಕಿ ಮಗಳನ್ನು ಕೂರಿಸಿದರು. ಕೆಂಪು ಹತ್ತಿತು, ಮೊದಲಿಗಿಂತ ಮೆದುವಾಗಿ. ಹೊತ್ತು ಮುಗಿದು ಆರಿತು. ಅವಳು ಮುಖ ಎತ್ತಿದಳು, ಕಣ್ಣು ಮಿಟುಕಿಸಿದಳು.

“ಹೋಯ್ತು,” ಅಂದಳು.

ಅದನ್ನು ನೋಡಿದವರಲ್ಲಿ ಅವ್ವ ಈಗಿಲ್ಲ. ನನ್ನ ಹೆಂಡತಿ ಇದ್ದಾಳೆ. ಹೊಸ ಪೆಟ್ಟಿಗೆ ಬಂದ ದಿನ ಅವಳು ಮಗಳ ಕುರ್ಚಿಯ ಹಿಂದೆ ನಿಂತಿದ್ದಳು. ಡಾಕ್ಟರು ಘಾಟ್ಕೋಪರ್‌ನಲ್ಲೇ ಇದ್ದಾರೆ. ಮಗಳಿದ್ದಾಳೆ, ನಂಬರು ಏರುವುದು ಪೂರ್ತಿ ನಿಂತಿಲ್ಲ, ನಿಧಾನವಾಗಿದೆ, ಎರಡು ಕಣ್ಣಿನ ಪರದೆಯೂ ಚೆನ್ನಾಗಿದೆ. ನಾನು ಬರೆದದ್ದರಲ್ಲಿ ತಪ್ಪಿದ್ದರೆ ಈ ಮೂವರಲ್ಲಿ ಯಾರಾದರೂ ತಿದ್ದಬಹುದು.